ಅಪ್ಪ ಬಚ್ಚಲ ಬಾಗಿಲಲ್ಲಿ ನಿಂತುಬಿಡುತ್ತಾರೆ, ಮೆಟ್ಟಿಲು ಮಾತ್ರ ಸಲೀಸಾಗಿ ಹತ್ತುತ್ತಾರೆ. ಏನಿರಬಹುದು?

ಅಡಿಕೆತೋಟ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ತೀರ್ಥಹಳ್ಳಿ ಕಡೆ ಊರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಈಗಲೂ ಮನೆ ಖರ್ಚು ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ.

ಸುಮಾರು ಒಂದು ವರ್ಷದಿಂದ ನಡಿಗೆ ಬದಲಾಗಿದೆ. ಪುಟ್ಟ ಪುಟ್ಟ ಹೆಜ್ಜೆ, ಕಾಲು ಎಳೆದು ನಡೆಯುತ್ತಾರೆ. ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಅಡುಗೆಮನೆವರೆಗೂ ಕೇಳುತ್ತದೆ. ಬಚ್ಚಲ ಬಾಗಿಲಿಗೆ ಬಂದಾಗ ನಿಂತೇಬಿಡುತ್ತಾರೆ. ಮೈ ಮುಂದೆ ಬಾಗುತ್ತದೆ, ಕಾಲು ಮಾತ್ರ ಏಳುವುದಿಲ್ಲ. ‘ಕಾಲು ನೆಲಕ್ಕೆ ಅಂಟಿಕೊಂಡಿತು ಮಾರಾಯ್ತಿ’ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಿಡುತ್ತದೆ.

ವಿಚಿತ್ರ ಅಂದ್ರೆ ಮಹಡಿ ಮೆಟ್ಟಿಲು ಆರಾಮಾಗಿ ಹತ್ತುತ್ತಾರೆ. ಅಮ್ಮನಿಗೆ ಅದಕ್ಕೇ ಸಿಟ್ಟು. ‘ಅಷ್ಟು ಮೆಟ್ಟಿಲು ಹತ್ತೋರಿಗೆ ಬಚ್ಚಲಿಗೆ ಹೋಗೋಕೆ ಆಗಲ್ವಾ, ಎಲ್ಲ ನಾಟಕ’ ಎಂದು ದಿನಾ ಜಗಳ. ಮೂಳೆ ಡಾಕ್ಟರ್ ಹತ್ತಿರ ಹೋಗಿದ್ದೆವು. ಎಕ್ಸ್‌ರೇ ನೋಡಿ ಮೊಣಕಾಲು ಸವೆದಿದೆ ಅಂದರು, ಕ್ಯಾಲ್ಸಿಯಂ ಬರೆದುಕೊಟ್ಟರು. ಏನೂ ಬದಲಾಗಿಲ್ಲ. ಕೈ ನಡುಗುವುದಿಲ್ಲ. ಹಾಗಾಗಿ ಪಾರ್ಕಿನ್ಸನ್ ಇರಲಿಕ್ಕಿಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಮುಂದೆ ಯಾರಿಗೆ ತೋರಿಸಬೇಕು?

ಬೆಣ್ಣೆದೋಸೆ
ನಾನು ಡಾಕ್ಟರ್ ಅಲ್ಲ, ಎರಡೂ ಮೊಣಕಾಲು ಸವೆದಿರುವವಳು. ನಮ್ಮಂಥವರಿಗೆ ಮೊದಲು ಕೈಕೊಡುವುದೇ ಮೆಟ್ಟಿಲು. ಇಳಿಯುವಾಗಲಂತೂ ಜೀವ ಹೋಗುತ್ತದೆ. ಸಮ ನೆಲದಲ್ಲಿ ಹೇಗೋ ನಡೆಯುತ್ತೇವೆ. ನಿಮ್ಮ ತಂದೆಯದು ತಿರುವುಮುರುವು ಆಗಿದೆ. ಎಕ್ಸ್‌ರೇ ತೆಗೆದರೆ ಆ ವಯಸ್ಸಿನ ಬಹಳ ಜನರ ಮೊಣಕಾಲು ಸವೆದೇ ಇರುತ್ತದೆ ಕಣ್ರೀ.

ಕಾಲ್ನಡಿಗೆ
ನಾನು ಫಿಸಿಯೋಥೆರಪಿಸ್ಟ್, ಮೈಸೂರು. ಮೇಲೆ ಹೇಳಿದ್ದು ಸರಿಯಾಗಿದೆ. ಬರೀ ಓದಿ ಕಾಯಿಲೆ ಇದೇ ಎಂದು ಹೇಳಲಾಗದು. ಆದರೆ ಬಾಗಿಲು, ತಿರುವು, ಇಕ್ಕಟ್ಟು ಜಾಗದಲ್ಲಿ ಕಾಲು ಕಚ್ಚಿಕೊಳ್ಳುವುದು ಕೀಲಿನ ತೊಂದರೆ ಅಲ್ಲ. ಅದು ಮೆದುಳಿನ ಕಡೆಯಿಂದ ಬರುವುದು, ಡಾಕ್ಟರುಗಳು ಫ್ರೀಜಿಂಗ್ ಅನ್ನುತ್ತಾರೆ. ಪಾರ್ಕಿನ್ಸನ್‌ನಲ್ಲಿ ಜಾಸ್ತಿ, ಬೇರೆ ಕಾಯಿಲೆಗಳಲ್ಲೂ ಇರುತ್ತದೆ. ನರರೋಗ ತಜ್ಞರಿಗೆ ತೋರಿಸಿ.

ನಡುಕ ಇಲ್ಲ ಎಂದು ಸುಮ್ನೆ ಕೂರಬೇಡಿ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದಾಗ ಹೆಸರಲ್ಲೇ ನಡುಕ ಸೇರಿಸಿದ್ದರು. ಅಂದಿನಿಂದ ಜನರ ತಲೆಯಲ್ಲಿ ನಡುಕವೇ ಕೂತಿದೆ. ನಡುಕವೇ ಇಲ್ಲದ ಪಾರ್ಕಿನ್ಸನ್ ರೋಗಿಗಳು ನಮ್ಮಲ್ಲಿಗೆ ಎಷ್ಟೋ ಜನ ಬರುತ್ತಾರೆ, ಅದೂ ವರ್ಷಗಟ್ಟಲೆ ಮೊಣಕಾಲಿಗೋ ಹೆಗಲಿಗೋ ಚಿಕಿತ್ಸೆ ತಗೊಂಡ ಮೇಲೆ.

ಪಾರ್ಕಿನ್ಸನ್ನೋ ಬೇರೆಯೋ ಎಂಬ ಸುಳಿವಿಗೆ ಕೆಲವು ವಿಷಯ ಗಮನಿಸಿ ಹೇಳಿ. ನಡೆಯುವಾಗ ಎರಡೂ ಕೈ ಬೀಸುತ್ತಾರಾ, ಒಂದು ಕೈ ಸುಮ್ಮನೆ ಮೈಗೆ ಅಂಟಿಕೊಂಡಿರುತ್ತಾ? ಆ ಖರ್ಚಿನ ಪುಸ್ತಕ ತೆಗೆದು ಐದು ವರ್ಷದ ಹಿಂದಿನ ಅಕ್ಷರ, ಈಗಿನ ಅಕ್ಷರ ಪಕ್ಕಪಕ್ಕ ಇಟ್ಟು ನೋಡಿ. ಒಗ್ಗರಣೆ ವಾಸನೆ ಗೊತ್ತಾಗುತ್ತಾ? ನಿದ್ದೆಯಲ್ಲಿ ಕೂಗುವುದು, ಕೈಕಾಲು ಒದರುವುದು ಇದೆಯಾ? ಮೂತ್ರಕ್ಕೆ ಅವಸರ ಆಗುತ್ತಾ? ಅಂಗಿ ಗುಂಡಿ ಹಾಕಿಕೊಳ್ಳುತ್ತಾರಾ? ನಡೆಯುವುದು, ತಿರುಗುವುದು, ಬಾಗಿಲು ದಾಟುವುದು ಮೊಬೈಲಿನಲ್ಲಿ ವಿಡಿಯೊ ಮಾಡಿಡಿ. ಡಾಕ್ಟರ್ ಮುಂದೆ ಅವರು ಚೆನ್ನಾಗಿಯೇ ನಡೆಯುತ್ತಾರೆ, ಅದು ಎಲ್ಲರ ಮನೆಯ ಕತೆ.

ಇನ್ನೊಂದು. ಏನೇನು ಮಾತ್ರೆ ತಗೊಳ್ಳುತ್ತಿದ್ದಾರೆ? ಬಿಪಿ, ಶುಗರ್ ಅಷ್ಟೇ ಅಲ್ಲ. ಗ್ಯಾಸಿಗೆ, ತಲೆಸುತ್ತಿಗೆ, ನಿದ್ದೆಗೆ ಎಲ್ಲವನ್ನೂ ಬರೆಯಿರಿ.

ಮಂಡಕ್ಕಿ_ಮಿರ್ಚಿ
ಮೂತ್ರದ ವಿಷಯ ಕೇಳಿದ್ದು ಒಳ್ಳೆಯದಾಯಿತು. ನಮ್ಮ ಅಮ್ಮನದು ಬೇರೆಯೇ ಆಗಿತ್ತು. ಕಾಲು ಅಗಲ ಮಾಡಿ, ನೆಲದಿಂದ ಎತ್ತದೆ ನಡೆಯುತ್ತಿದ್ದರು. ಆಮೇಲೆ ಬಚ್ಚಲಿಗೆ ಹೋಗುವಷ್ಟರಲ್ಲಿ ಸೀರೆ ಒದ್ದೆ. ಆಮೇಲೆ ಮಂಕು. ಮಾತಾಡಿಸಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. ಮನೆಯಲ್ಲೆಲ್ಲ ವಯಸ್ಸಾಯಿತು ಅಂದುಕೊಂಡೆವು.

ಸ್ಕ್ಯಾನ್‌ನಲ್ಲಿ ಮೆದುಳೊಳಗಿನ ನೀರಿನ ಕೋಣೆಗಳು ದೊಡ್ಡದಾಗಿದ್ದವು. ನಾರ್ಮಲ್ ಪ್ರೆಶರ್ ಹೈಡ್ರೊಸೆಫಲಸ್ ಅಂತೆ. ಕೊಲಂಬಿಯಾ ದೇಶದ ಹಕೀಂ ಎಂಬ ಡಾಕ್ಟರ್ 1965ರಲ್ಲಿ ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಎಂದು ಆಮೇಲೆ ಓದಿದೆ. ಸೊಂಟದಲ್ಲಿ ಸೂಜಿ ಹಾಕಿ ಸ್ವಲ್ಪ ನೀರು ತೆಗೆದರು. ತೆಗೆಯುವ ಮೊದಲು, ತೆಗೆದ ಮೇಲೆ, ಎರಡು ಸಲವೂ ಕಾರಿಡಾರಿನಲ್ಲಿ ನಡೆಸಿ ಗಡಿಯಾರ ನೋಡಿದರು. ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ತಲೆಯಿಂದ ಹೊಟ್ಟೆಗೆ ಚರ್ಮದ ಒಳಗೇ ಸಣ್ಣ ಕೊಳವೆ ಇಟ್ಟರು. ನಡಿಗೆ ಚೆನ್ನಾಗಿ ಸುಧಾರಿಸಿತು. ಮರೆವು ಅಷ್ಟು ಸುಧಾರಿಸಲಿಲ್ಲ.

ಧಾರವಾಡ_ಪೇಡೆ
ಬಿ12 ಮರೀಬ್ಯಾಡ್ರಿ. ನಮ್ಮ ಮಾವನವರು ಪಕ್ಕಾ ಸಸ್ಯಾಹಾರಿ, ಮೇಲೆ ಶುಗರ್‌ಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್. ಆ ಮಾತ್ರೆ ಬಿ12 ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಬೆಳಕಿದ್ದಾಗ ಸರಿ ನಡೆಯುತ್ತಿದ್ದರು. ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ತೂರಾಡಿ ನಲ್ಲಿ ಹಿಡಿದುಕೊಳ್ಳುತ್ತಿದ್ದರು. ಕಾಲು ಎಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರ ಸೊರಗಿದಾಗ ಹೀಗಾಗುತ್ತದಂತೆ. ಕಣ್ಣು ತೆರೆದಿದ್ದಾಗ ಕಣ್ಣೇ ಆ ಕೆಲಸ ಮಾಡಿಬಿಡುತ್ತದೆ. ಇಂಜೆಕ್ಷನ್ ಕೊಟ್ಟಮೇಲೆ ಬಹಳಷ್ಟು ಸರಿಹೋಯಿತು, ಪಾದದ ಜೋಮು ಉಳಿದುಕೊಂಡಿದೆ. ತಡ ಮಾಡಿದಷ್ಟೂ ಹಾಗೇ ಉಳಿದುಬಿಡುತ್ತದೆ ಎಂದರು.

ಗುಂಡಿ ಹಾಕಲು ಆಗುವುದಿಲ್ಲ, ಊಟ ಕಲಸುವಾಗ ಕೈ ತಡವರಿಸುತ್ತದೆ, ಜತೆಗೆ ಕಾಲು ಬಿಗಿ ಅಂದರೆ ಕುತ್ತಿಗೆಯನ್ನೂ ನೋಡಿಸ್ರಿ. ಅಲ್ಲಿ ನರದ ಹುರಿ ಒತ್ತಿದರೂ ನಡಿಗೆ ಕೆಡುತ್ತದೆ, ಕುತ್ತಿಗೆ ನೋವೇ ಇರದಿರಬಹುದು.

ಶರಾವತಿ_ತೀರ
ತೀರ್ಥಹಳ್ಳಿ ಅಂದಿರಲ್ಲ, ಪಕ್ಕದ ಸಾಗರ ನಮ್ಮದು. ಹಂದಿಗೋಡು ಕಾಯಿಲೆ ಏನಾದರೂ?

ಕಾಲ್ನಡಿಗೆ
ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇರಲಾರದು. ಹಂದಿಗೋಡು ಕಾಯಿಲೆ ಕೀಲುಗಳದ್ದು, ಮುಖ್ಯವಾಗಿ ಸೊಂಟದ ಮತ್ತು ಮೊಣಕಾಲಿನ ಕೀಲು. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗಮನಕ್ಕೆ ಬಂತು, ಊರ ಹೆಸರೇ ಉಳಿಯಿತು. ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಚಿಕ್ಕ ವಯಸ್ಸಿನಲ್ಲೇ ನೋವು ಶುರುವಾಗಿ, ಜಾಸ್ತಿಯಾದವರು ಕೂತು ತೆವಳುವ ಸ್ಥಿತಿಗೆ ಬರುತ್ತಾರೆ. ಅರ್ಧ ಶತಮಾನ ಆಯಿತು, ಆ ಮನೆಗಳಿಗೆ ಹೋದವರು ಸ್ಯಾಂಪಲ್ ತಗೊಂಡು ಬಂದದ್ದೇ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇರೆ ಚರ್ಚೆಯೇ ಬೇಕು.

ಅಡಿಕೆತೋಟ
ಎಲ್ಲರಿಗೂ ಧನ್ಯವಾದ. ಪುಸ್ತಕ ತೆಗೆದು ನೋಡಿ ಎದೆ ಝಲ್ಲೆಂದಿತು. ಮುಂಚೆ ಗೆರೆ ತುಂಬ ಬರೆಯುತ್ತಿದ್ದರು. ಈಗ ‘ಹಾಲು’ ದೊಡ್ಡದಾಗಿ ಶುರುವಾಗುತ್ತದೆ, ಸಾಲಿನ ಕೊನೆಗೆ ‘ಸೋನಾಮಸೂರಿ’ ಬರುವಷ್ಟರಲ್ಲಿ ಭೂತಗನ್ನಡಿ ಬೇಕು. ಎಡಗೈ ಬೀಸುವುದಿಲ್ಲ. ವಾಸನೆ ಗೊತ್ತಾಗುವುದಿಲ್ಲವಂತೆ, ಕೋವಿಡ್ ಆದಾಗಿನಿಂದ ಹಾಗೆ ಎಂದುಕೊಂಡಿದ್ದರು. ಮೂತ್ರದ ತೊಂದರೆ ಇಲ್ಲ, ಗುಂಡಿ ನಿಧಾನವಾಗಿ ಹಾಕಿಕೊಳ್ಳುತ್ತಾರೆ.

ಮಾತ್ರೆಗಳು: ಬಿಪಿಗೆ ಆಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಕ್ಯಾಪ್ಸೂಲ್. ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ‘ರಾಬೆಪ್ರಜೋಲ್, ಲೆವೊಸಲ್ಪಿರೈಡ್’ ಎಂದಿದೆ. ಹೊಟ್ಟೆ ಉಬ್ಬರಕ್ಕೆ ಎಂದು ಯಾವಾಗಲೋ ಬರೆಸಿದ್ದು. ಎರಡು ವರ್ಷ ದಾಟಿರಬೇಕು. ಅದೇ ಚೀಟಿ ತೋರಿಸಿ ತರುತ್ತಿದ್ದೇವೆ.

ಔಷಧಿ_ಅಂಗಡಿ
ಅದೇ ನೋಡಿ! ನಾನು ಕೌಂಟರಿನಲ್ಲಿ ಕೂರುವವನು, ಈ ಕ್ಯಾಪ್ಸೂಲ್ ದಿನಾ ಕೊಡುತ್ತೇನೆ. ಅದರಲ್ಲಿರುವುದು ಎರಡು ಔಷಧಿ. ರಾಬೆಪ್ರಜೋಲ್ ಆಮ್ಲ ಕಡಿಮೆ ಮಾಡುವುದು. ಲೆವೊಸಲ್ಪಿರೈಡ್ ಹೊಟ್ಟೆಯಲ್ಲಿದ್ದದ್ದನ್ನು ಬೇಗ ಮುಂದೆ ತಳ್ಳುವುದು. ಆದರೆ ಅದು ಡೋಪಮೈನ್ ಎಂಬ, ನರಗಳ ಸಂದೇಶ ಒಯ್ಯುವ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ, ಹೊಟ್ಟೆಯಲ್ಲಿ ಮಾತ್ರ ಅಲ್ಲ, ಮೆದುಳಿನಲ್ಲೂ. ಪಾರ್ಕಿನ್ಸನ್ ಅಂದರೆ ಮೆದುಳಿನಲ್ಲಿ ಡೋಪಮೈನ್ ಮಾಡುವ ಕೋಶಗಳು ಸಾಯುವುದು. ಇಲ್ಲಿ ಕೋಶಗಳು ಇದ್ದರೂ ಡೋಪಮೈನ್ ಕೆಲಸ ಮಾಡಲು ಮಾತ್ರೆಯೇ ಬಿಡುವುದಿಲ್ಲ. ಹೊರಗೆ ಕಾಣುವುದು ಎರಡೂ ಒಂದೇ. ವಯಸ್ಸಾದವರಿಗೆ ಜಾಸ್ತಿ.

ಇದೇ ಗುಂಪಿಗೆ ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜೀನ್ ಮತ್ತು ಸಿನ್ನರಿಜಿನ್, ಅರೆತಲೆನೋವಿಗೆ ಕೊಡುವ ಫ್ಲುನರಿಜಿನ್ ಸೇರುತ್ತವೆ. ಮಾನಸಿಕ ಕಾಯಿಲೆಯ ಹಲವು ಮಾತ್ರೆಗಳೂ ಹೀಗೇ, ಆದರೆ ಅವನ್ನು ಇಲ್ಲಿ ಓದಿ ಯಾರೂ ನಿಲ್ಲಿಸಬೇಡಿ ದಯವಿಟ್ಟು. ಅದರಿಂದ ಆಗುವ ಅನಾಹುತವೇ ಬೇರೆ.

ರಾಯಲ್‌ಸೀಟ್
ಡಾಕ್ಟರೇ ಬರೆದುಕೊಟ್ಟ ಮಾತ್ರೆ ಸಾರ್. ಅದು ಹೇಗೆ ತಪ್ಪಾಗುತ್ತೆ? ಹೀಗೆಲ್ಲ ಹೆದರಿಸಬೇಡಿ.

ಔಷಧಿ_ಅಂಗಡಿ
ಬರೆದದ್ದು ತಪ್ಪು ಎಂದು ನಾನು ಹೇಳಲಿಲ್ಲ. ಕೆಲವು ವಾರಕ್ಕೆ ಬರೆದಿರುತ್ತಾರೆ. ಜನ ಹಳೇ ಚೀಟಿ, ಕೆಲವರು ಖಾಲಿ ಸ್ಟ್ರಿಪ್ ತಂದು ‘ಇದೇ ಕೊಡಿ’ ಅನ್ನುತ್ತಾರೆ. ಕೊಡುವವರು ಕೊಡುತ್ತಾರೆ. ಗ್ಯಾಸ್ ಮಾತ್ರೆ ತಾನೇ ಎಂದು ಯಾರೂ ಅದನ್ನು ಔಷಧಿ ಎಂದೇ ಎಣಿಸುವುದಿಲ್ಲ. ಡಾಕ್ಟರ್ ‘ಏನು ಮಾತ್ರೆ ನಡೀತಿದೆ’ ಎಂದು ಕೇಳಿದರೆ ಬಿಪಿ, ಶುಗರ್ ಎಂದು ಹೇಳಿ ಎದ್ದು ಬರುತ್ತಾರೆ. ಮೇಡಂ, ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ನರರೋಗ ತಜ್ಞರ ಮೇಜಿನ ಮೇಲೆ ಸುರಿಯಿರಿ. ಹೆಸರು ಬಾಯಲ್ಲಿ ಹೇಳಲು ಹೋಗಬೇಡಿ.

ಮೂಲಿಕೆಮನೆ
ನಸುಗುನ್ನಿ ಬೀಜದ ಪುಡಿ ಹಾಲಿನಲ್ಲಿ ಕೊಡಿ. ಕಂಪವಾತಕ್ಕೆ, ಅಂದರೆ ನಿಮ್ಮ ಪಾರ್ಕಿನ್ಸನ್‌ಗೆ, ರಾಮಬಾಣ. ಇಂಗ್ಲಿಷ್ ಮಾತ್ರೆಯ ಗೊಡವೆ ಬೇಡ.

ಕಾಲ್ನಡಿಗೆ
ನಸುಗುನ್ನಿ ಬೀಜದಲ್ಲಿ ಲೆವೊಡೋಪ ಇರುವುದು ನಿಜ. ಪಾರ್ಕಿನ್ಸನ್‌ಗೆ ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಮಾತ್ರೆಯೂ ಅದೇ ಲೆವೊಡೋಪ. ಕಾಟ ಇರುವುದು ಅಲ್ಲೇ. ಪುಡಿಯ ಒಂದು ಚಮಚದಲ್ಲಿ ಎಷ್ಟಿದೆ ಎಂದು ಕೊಡುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ಮಾತ್ರೆ ಜತೆ ಇದೂ ಸೇರಿದರೆ ಬಿಪಿ ಇಳಿಯುತ್ತದೆ, ಇಲ್ಲದ್ದು ಕಂಡ ಹಾಗೆ ಮಾತಾಡುತ್ತಾರೆ, ಮೈಕೈ ತಾನಾಗಿ ಹೊಯ್ದಾಡುತ್ತದೆ. ಕೊಡುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಇನ್ನೂ ಕಾಯಿಲೆಯೇ ಗೊತ್ತಾಗದವರಿಗೆ ರಾಮಬಾಣ ಬಿಡುವುದು ಸರಿಯಲ್ಲ.

ಅಡಿಕೆತೋಟ
ಶಿವಮೊಗ್ಗದಲ್ಲಿ ನರರೋಗ ತಜ್ಞರಿಗೆ ತೋರಿಸಿದೆವು. ಹೇಳಿದ ಹಾಗೆ ಚೀಲ ಸುರಿದೆ. ಅವರು ಮೊದಲು ಕೈ ಹಾಕಿದ್ದೇ ಆ ಗ್ಯಾಸ್ ಸ್ಟ್ರಿಪ್‌ಗೆ.

ಪರೀಕ್ಷೆ ಅಂದರೆ ಮಷಿನ್ ಏನೂ ಇಲ್ಲ. ಹೆಬ್ಬೆಟ್ಟು, ತೋರುಬೆರಳು ಪಟಪಟ ತಾಗಿಸಿ ಅಂದರು. ಬಲಗೈ ಓಡಿತು, ಎಡಗೈ ನಾಲ್ಕು ಸಲಕ್ಕೆ ಸಣ್ಣದಾಗಿ ನಿಂತಿತು. ಮೊಣಕೈ ಮಡಿಸಿ ಬಿಡಿಸಿ ಬಿಗಿ ನೋಡಿದರು. ನಿಲ್ಲಿಸಿ, ಹಿಂದಿನಿಂದ ಹೆಗಲು ಹಿಡಿದು ಒಮ್ಮೆ ಜಗ್ಗಿದರು. ಅಪ್ಪ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಅವರ ಕೈಗೇ ಬಿದ್ದರು. ಬಾಗಿಲಿನ ವಿಡಿಯೊ ಎರಡು ಸಲ ನೋಡಿದರು. ನೆನಪಿಟ್ಟು ವಿಡಿಯೊ ಮಾಡಿದ್ದು ಬಹಳ ಉಪಯೋಗಕ್ಕೆ ಬಂತು.

ಕ್ಯಾಪ್ಸೂಲ್ ನಿಲ್ಲಿಸಿದ್ದಾರೆ, ಬದಲಿಗೆ ಬರೀ ಆಮ್ಲದ ಮಾತ್ರೆ, ಅದೂ ಬೇಕಾದಾಗ ಮಾತ್ರ. ಬಿ12 ಮತ್ತು ಮೆದುಳಿನ ಎಂಆರ್‌ಐ ಬರೆದಿದ್ದಾರೆ. ಮಾತ್ರೆಯ ಪರಿಣಾಮ ಹೋಗಲು ತಿಂಗಳುಗಳೇ ಬೇಕು, ಪಾರ್ಕಿನ್ಸನ್ ಮಾತ್ರೆ ಈಗಲೇ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಎಡಕ್ಕೆ ಜಾಸ್ತಿ ಇರುವುದರಿಂದ ಒಳಗೆ ನಿಜವಾದ ಪಾರ್ಕಿನ್ಸನ್ ಇದ್ದು, ಮಾತ್ರೆ ಅದನ್ನು ಹೊರಗೆ ತಂದಿರಲೂಬಹುದು ಎಂದೂ ಹೇಳಿದರು. ಅಲ್ಲಿಯವರೆಗೆ ಬಚ್ಚಲ ಬಾಗಿಲಿಗೆ ಏನು ಮಾಡಲಿ?

ತಾಳಮೇಳ
ಇದಕ್ಕೆ ನಾನು ಹೇಳುತ್ತೇನೆ. ನಮ್ಮ ದೊಡ್ಡಪ್ಪನಿಗೆ ಪಾರ್ಕಿನ್ಸನ್ ಬಂದು ಬಹಳ ಕಾಲವಾಯಿತು. ಮೊದಲನೇ ಮಾತು, ನಿಂತಾಗ ಕೈ ಹಿಡಿದು ಎಳೆಯಬೇಡಿ. ಮೈ ಬರುತ್ತದೆ, ಕಾಲು ಬರುವುದಿಲ್ಲ, ಇಬ್ಬರೂ ಬೀಳುತ್ತೀರಿ. ‘ಬೇಗ ಬೇಗ’ ಎಂದರಂತೂ ಇನ್ನೂ ಕಚ್ಚಿಕೊಳ್ಳುತ್ತದೆ. ಫೋನ್ ರಿಂಗಾದರೆ, ಬಾಗಿಲು ಬಡಿದರೆ ಹಾಗಾಗುವುದು ಅದಕ್ಕೇ.

ಪೂರ್ತಿ ನಿಲ್ಲಲು ಹೇಳಿ. ಉಸಿರು ಬಿಡಲಿ. ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಆಡಿಸಲಿ. ಆಮೇಲೆ ಒಂದೇ ಒಂದು ದೊಡ್ಡ ಹೆಜ್ಜೆ. ದೊಡ್ಡಪ್ಪ ಮೃದಂಗ ಕಲಿತವರು. ತಮ್ಮಷ್ಟಕ್ಕೆ ‘ತಕಧಿಮಿ’ ಎಂದು ತೊಡೆ ತಟ್ಟುತ್ತಾರೆ, ‘ತ’ಕ್ಕೆ ಕಾಲು ಏಳುತ್ತದೆ. ತಾಳ ಬಾರದವರು ಒಂದು-ಎರಡು ಎಣಿಸಿದರೂ ಸಾಕು.

ಬಚ್ಚಲ ಮುಂದಿನ ನೆಲಕ್ಕೆ ಬಣ್ಣದ ಟೇಪ್ ಅಡ್ಡಡ್ಡ ಅಂಟಿಸಿ, ಒಂದು ಹೆಜ್ಜೆಗೆ ಒಂದು ಗೆರೆ, ಹೊಸ್ತಿಲು ದಾಟಿ ಒಳಗೂ ಒಂದೆರಡು. ಗೆರೆ ದಾಟು ಎಂದರೆ ದಾಟುತ್ತಾರೆ. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಬಾರದು. ದೊಡ್ಡ ಸುತ್ತು ಹಾಕಿ ತಿರುಗಬೇಕು. ಕೈಯಲ್ಲಿ ಚೊಂಬು, ಟವೆಲ್ ಹಿಡಿದು ಹೋಗುವುದು ಬೇಡ. ಹೋಗುತ್ತಾ ಮಾತಾಡಿಸುವುದೂ ಬೇಡ.

ಕಾಲ್ನಡಿಗೆ
ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ನಿಮ್ಮ ತಾಯಿಗೆ ಇಷ್ಟು ಹೇಳಿ: ಮೆಟ್ಟಿಲು ಹತ್ತುವುದೂ ಆ ಟೇಪ್ ಗೆರೆಯೂ ಒಂದೇ ವಿಷಯ. ನಾವು ಸಮ ನೆಲದಲ್ಲಿ ನಡೆಯುವಾಗ ಹೆಜ್ಜೆ ಬಗ್ಗೆ ಯೋಚಿಸುವುದಿಲ್ಲ, ಮೆದುಳು ತಾನಾಗಿ ನಡೆಸುತ್ತದೆ. ಆ ತಾನಾಗಿ ನಡೆಸುವ ಭಾಗವೇ ಇಲ್ಲಿ ಸೋತಿರುವುದು. ಮೆಟ್ಟಿಲಿನಲ್ಲಿ ಪ್ರತಿ ಅಂಚೂ ಕಣ್ಣಿಗೆ ಕಾಣುತ್ತದೆ, ಮೆದುಳು ಬೇರೆ ದಾರಿಯಿಂದ ಕಾಲು ಎತ್ತಿಸುತ್ತದೆ. ನಾಟಕ ಅಲ್ಲ. ಆದರೆ ಮೆಟ್ಟಿಲ ಮೇಲೆ ತಿರುವು ಇದ್ದರೆ ಅಲ್ಲಿ ಒಬ್ಬರು ಜತೆಗಿರಿ.

ಹವಾಯಿ ಚಪ್ಪಲಿ ಬಿಡಿಸಿ, ಹಿಮ್ಮಡಿ ಹಿಡಿಯುವಂಥದ್ದು ಹಾಕಿಸಿ. ಕಾಲೊರೆಸುವ ಬಟ್ಟೆ ಬಾಗಿಲಲ್ಲಿ ಬೇಡ. ಬಚ್ಚಲಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಟವೆಲ್ ಕಂಬಿ ಹಿಡಿದು ಬಿದ್ದವರನ್ನು ಬಹಳ ನೋಡಿದ್ದೇನೆ, ಅದು ಮೈ ಭಾರ ತಡೆಯುವುದಿಲ್ಲ. ವಾಕರ್ ಅಂಗಡಿಯಿಂದ ಸುಮ್ಮನೆ ತರಬೇಡಿ. ಎತ್ತಿ ಎತ್ತಿ ಇಡುವ ವಾಕರ್ ಫ್ರೀಜಿಂಗ್ ಇರುವವರಿಗೆ ಕಿರಿಕಿರಿ, ಬರೀ ಗಾಲಿ ಇದ್ದು ಬ್ರೇಕ್ ಇಲ್ಲದ್ದು ಮುಂದೆ ಓಡಿಬಿಡುತ್ತದೆ. ಯಾರಾದರೂ ಫಿಸಿಯೋ ನೋಡಿ ಹೇಳಲಿ.

ಅಡಿಕೆತೋಟ
ಬಹಳ ದಿನಕ್ಕೆ ಬರೆಯುತ್ತಿದ್ದೇನೆ. ಕ್ಯಾಪ್ಸೂಲ್ ಬಿಟ್ಟಮೇಲೆ ಮುಖದ ಬಿಗಿ ಸಡಿಲವಾಯಿತು, ನಗುವುದು ಕಾಣುತ್ತದೆ. ಬಲಗಡೆ ಪೂರ್ತಿ ಸರಿ. ಎಡಗೈ ಮಾತ್ರ ಹಾಗೇ. ಬಿ12 ಸ್ವಲ್ಪ ಕಡಿಮೆ ಇತ್ತು, ಇಂಜೆಕ್ಷನ್ ಆಯಿತು. ಎಂಆರ್‌ಐನಲ್ಲಿ ನೀರು ತುಂಬಿದ್ದೇನೂ ಇಲ್ಲ. ಎರಡನೇ ಸಲ ನೋಡಿ ಪಾರ್ಕಿನ್ಸನ್ ಎಂದೇ ಹೇಳಿದರು, ಲೆವೊಡೋಪ-ಕಾರ್ಬಿಡೋಪ ಸಣ್ಣ ಡೋಸಿನಲ್ಲಿ ಶುರುವಾಗಿದೆ. ಅಮ್ಮ ಈಗ ಟೇಪ್ ಹತ್ತಿರ ನಿಂತು ‘ಒಂದು, ಎರಡು’ ಅನ್ನುತ್ತಾಳೆ. ಜಗಳ ನಿಂತಿಲ್ಲ, ವಿಷಯ ಬದಲಾಗಿದೆ: ಮಾತ್ರೆ ತಿಂಡಿ ಮುಂಚೆಯೋ ಆಮೇಲೋ ಎಂದು.

ತಾಳಮೇಳ
ಮುಂಚೆ. ಊಟ ತಿಂಡಿಗಿಂತ ಅರ್ಧದಿಂದ ಒಂದು ಗಂಟೆ ಮೊದಲು, ನೀರಿನಲ್ಲಿ. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನ್ ಜತೆ ಬಿದ್ದರೆ ಮಾತ್ರೆ ರಕ್ತಕ್ಕೆ, ಮೆದುಳಿಗೆ ಹೋಗಲು ಪೈಪೋಟಿ ಆಗುತ್ತದೆ. ಗಟ್ಟಿ ಹಾಲಿನ ಕಾಫಿಯಲ್ಲಿ ನುಂಗುವುದು ಬೇಡ. ಶುರುವಿನಲ್ಲಿ ವಾಕರಿಕೆ ಬಂದರೆ ಒಂದೆರಡು ಬಿಸ್ಕತ್ ತಿನ್ನಬಹುದು, ಡಾಕ್ಟರನ್ನು ಕೇಳಿ. ಪ್ರೋಟೀನ್ ಪೂರ್ತಿ ಬಿಡಬಾರದು, ಮೈ ಸೊರಗುತ್ತದೆ. ಗಡಿಯಾರದ ಸಮಯಕ್ಕೆ ಕೊಡಿ, ಮೊಬೈಲಿನಲ್ಲಿ ಅಲಾರಂ ಇಡಿ. ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದಾ ನೋಡಿ, ಬಿಪಿ ಮಾತ್ರೆಯೂ ಇದೆಯಲ್ಲ.

ಬೆಣ್ಣೆದೋಸೆ
ಅಂಗವಿಕಲರ ಕಾರ್ಡ್ ಸಿಗುತ್ತಾ ಇದಕ್ಕೆ?

ಕಾಲ್ನಡಿಗೆ
2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧದ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಕಾರ್ಡ್) ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ಶೇಕಡಾವಾರು ಬರೆಯುತ್ತಾರೆ. ಹೆಚ್ಚಿನ ಸೌಲಭ್ಯಕ್ಕೆ ಶೇ 40 ಇರಬೇಕು. ಶುರುವಿನಲ್ಲಿ ಅಷ್ಟು ಬರುವುದು ಕಷ್ಟ.

ಅಡಿಕೆತೋಟ
ಕೊನೆಗೊಂದು. ಮುಂದಿನ ತಿಂಗಳು ಅಪ್ಪನಿಗೆ ಹರ್ನಿಯಾ ಆಪರೇಷನ್ ಇದೆ. ಏನು ಹೇಳಬೇಕು ಅಲ್ಲಿ?

ಔಷಧಿ_ಅಂಗಡಿ
ಅಡ್ಮಿಟ್ ಆಗುವ ಮೊದಲೇ ಅರಿವಳಿಕೆ ಡಾಕ್ಟರಿಗೆ ಪಾರ್ಕಿನ್ಸನ್ ಇದೆ ಎಂದು ಹೇಳಿ. ಉಪವಾಸ ಎಂದು ಲೆವೊಡೋಪ ತಾವಾಗಿಯೇ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಅಪಾಯ. ಆವತ್ತಿನ ಬೆಳಗಿನ ಮಾತ್ರೆ ಗುಟುಕು ನೀರಿನಲ್ಲಿ ಕೊಡಬಹುದಾ, ಆಪರೇಷನ್ ಮುಗಿದ ಮೇಲೆ ಎಷ್ಟು ಹೊತ್ತಿಗೆ ಶುರು ಮಾಡಬಹುದು ಎಂದು ಕೇಳಿ ಬರೆಸಿಕೊಳ್ಳಿ. ವಾರ್ಡಿನಲ್ಲಿ ಮಾತ್ರೆ ಎಲ್ಲರಿಗೂ ಒಂದೇ ಹೊತ್ತಿಗೆ ಬರುತ್ತದೆ, ನಿಮ್ಮ ತಂದೆಯ ಸಮಯ ಬೇರೆ ಎಂದು ನರ್ಸಿಗೆ ಹೇಳಿ. ಆಪರೇಷನ್ ಆದಮೇಲೆ ವಾಂತಿ ಬಂದರೆ ಅಭ್ಯಾಸದ ಮೇಲೆ ಮೆಟೊಕ್ಲೊಪ್ರಮೈಡ್ ಚುಚ್ಚಿಬಿಡುತ್ತಾರೆ. ಅದು ಬೇಡ, ಒಂಡಾನ್‌ಸೆಟ್ರಾನ್ ಆಗುತ್ತಾ ನೋಡಿ ಎಂದು ಮೊದಲೇ ಕೇಳಿಕೊಳ್ಳಿ. ಬೇಡದ ಔಷಧಿಗಳ ಹೆಸರು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಕೇಸ್ ಶೀಟಿಗೆ ಪಿನ್ ಮಾಡಿಸಿ. ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಗ್ಯಾಸಿನ ಕ್ಯಾಪ್ಸೂಲ್ ಇದ್ದೇ ಇರುತ್ತದೆ, ಹಿಂಭಾಗ ಓದಿಯೇ ತಗೊಳ್ಳಿ.